ಅಣ್ಣನ ಗಾದಿ ಕಿತ್ತುಕೊಂಡ ದೊರೆ, ನೀಲಗುಂದಕ್ಕೆ ಬಿಟ್ಟುಹೋದ ದಾಖಲೆ

ಹರಪನಹಳ್ಳಿ: ತಾಲ್ಲೂಕಿನ ನೀಲಗುಂದದ ಭೀಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಬಳಪದ ಕಲ್ಲಿನಲ್ಲಿ ಕಡೆದ ಗುಡಿ. ಆ ವಂಶದ ಹೆಸರಾಂತ ದೊರೆ ಆರನೇ ವಿಕ್ರಮಾದಿತ್ಯನಿಗೂ ಈ ಸೀಮೆಗೂ ಹಳೇ ನಂಟು.

ಅವನ ಅಪ್ಪ ಒಂದನೇ ಸೋಮೇಶ್ವರ 1068ರಲ್ಲಿ ವಾಸಿಯಾಗದ ಕಾಯಿಲೆ ಬಿದ್ದು, ಹಡಗಲಿ ತಾಲ್ಲೂಕಿನ ಕುರುವತ್ತಿ ಹತ್ರ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಪಟ್ಟ ಹಿರಿಮಗ ಎರಡನೇ ಸೋಮೇಶ್ವರನಿಗೆ ಹೋಯ್ತು. ಅಣ್ಣ ತಮ್ಮಂದಿರಿಗೆ ಹೊಂದಲಿಲ್ಲ. 1076ರಲ್ಲಿ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ತಾನೇ ಗಾದಿ ಏರಿದ. ಶಕವರ್ಷ ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷದ ಎಣಿಕೆ ಶುರು ಮಾಡಿದ.

ಕಿತ್ತುಕೊಂಡ ರಾಜ್ಯವನ್ನು 50 ವರ್ಷ ಆಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಚರಿತ್ರೆಯನ್ನು ಕಾವ್ಯ ಮಾಡಿದ. ಅವನ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಅಣ್ಣ ತಮ್ಮಂದಿರ ಆಸ್ತಿ ಪಾಲು ಹೇಗೆ ಎಂದು ಹೇಳುವ ಗ್ರಂಥ ಅದು. ಅಣ್ಣನ ಪಾಲು ಕಸಿದವನ ಆಸ್ಥಾನದಲ್ಲೇ ಹುಟ್ಟಿದ ಆ ನ್ಯಾಯವನ್ನು ಶತಮಾನಗಳ ನಂತರವೂ ಕೋರ್ಟುಗಳು ಹಿಡಿದು ನಡೆದವು.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಅವನ ದಂಡನಾಯಕ ಮಹಾದೇವ 1112ರಲ್ಲಿ ಗುಡಿ ಕಟ್ಟಿಸಿದ. ನೀಲಗುಂದದಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ವಿಕ್ರಮಾದಿತ್ಯನ 1087 ಮತ್ತು 1123ರ ದಾನಗಳಿವೆ.

1126ಕ್ಕೆ ಅವನ ಆಳ್ವಿಕೆ ಮುಗೀತು. ಮುಂದಿನ 75 ವರ್ಷದೊಳಗೆ ಚಾಲುಕ್ಯ ರಾಜ್ಯವೇ ಕರಗಿಹೋಯ್ತು. ಗೆದ್ದ ಸೀಮೆ ಒಂದೂ ಉಳೀಲಿಲ್ಲ. ಊರವರ ಕೈಗೆ ಉಳಿದದ್ದು ಬಳಪದ ಕಲ್ಲಿನ ಗುಡಿ. ಉಗುರಿನಿಂದ ಗೀರಿದರೂ ಗೀಟು ಬೀಳುವಷ್ಟು ಮೆದು ಕಲ್ಲದು. ಅದನ್ನು ಕಾಯೋದು ಈಗ ನೋಡಲು ಬರುವವರ ಕೈಯಲ್ಲಿದೆ.