ಎಲ್ಲರೂ ದೂರವಾದಾಗ: ಶಿಲುಬೆಯ ಸಂತ ಯೊವಾನ್ನರು

ಡಿಸೆಂಬರ್ 14ರಂದು ಧರ್ಮಸಭೆಯು ಶಿಲುಬೆಯ ಸಂತ ಯೊವಾನ್ನರ ಹಬ್ಬವನ್ನು ಆಚರಿಸುತ್ತದೆ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿಬರುವ ನಮ್ಮ ಕುಟುಂಬಗಳು ಅಲ್ಲಿನ ಕಾರ್ಮೆಲ್ ಗುರುಗಳನ್ನು ಬಲ್ಲವು. ಆ ಗುರುಗಳ ಸಭೆಗೆ ಅಡಿಗಲ್ಲಾದವರು ಈ ಸಂತರು. ಮಹಾನ್ ಅನುಭಾವಿಯೆಂದೂ ಕವಿಯೆಂದೂ ಲೋಕವು ಅವರನ್ನು ಕೊಂಡಾಡುತ್ತದೆ. ಸ್ವಂತ ಸೋದರರೇ ಅವರನ್ನು ಎರಡು ಬಾರಿ ತಳ್ಳಿಹಾಕಿದರೆಂಬ ಸಂಗತಿ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

1542ರಲ್ಲಿ ಸ್ಪೇನ್ ದೇಶದ ಆವಿಲಾ ಸಮೀಪದ ಫೊಂತಿವೆರೋಸ್ ಎಂಬ ಊರಿನಲ್ಲಿ ಅವರು ಜನಿಸಿದರು. ತಂದೆ ಗೊನ್ಸಾಲೊ ರೇಷ್ಮೆ ವರ್ತಕರ ಮನೆತನದವರು. ನೇಯ್ಗೆಯಿಂದ ಜೀವನ ಸಾಗಿಸುತ್ತಿದ್ದ ಬಡ ಹೆಣ್ಣುಮಗಳು ಕತಲೀನಾಳನ್ನು ವರಿಸಿದ ಕಾರಣಕ್ಕೆ ಬಂಧುಗಳು ಅವರನ್ನು ದೂರಮಾಡಿದರು. ಯೊವಾನ್ನರು ಎಳೆಯ ಮಗುವಾಗಿರುವಾಗಲೇ ತಂದೆ ತೀರಿಕೊಂಡರು. ವಿಧವೆ ತಾಯಿ ಮಕ್ಕಳೊಡನೆ ಊರೂರು ಅಲೆದು ಕೊನೆಗೆ ಮೆದೀನಾ ದೆಲ್ ಕಾಂಪೊದಲ್ಲಿ ನೆಲೆನಿಂತರು. ಅಲ್ಲಿ ಹುಡುಗ ಯೊವಾನ್ನರು ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದರು. 1563ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿ, 1567ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಆವಿಲಾದ ಸಂತ ತೆರೇಸಮ್ಮನವರ ಭೇಟಿಯಾಯಿತು. ಸಭೆಯನ್ನು ಮೊದಲಿನ ಕಠಿಣ ನಿಯಮಕ್ಕೆ ಮರಳಿಸಲು ಹೊರಟಿದ್ದ ಆ ತಾಯಿಯೊಡನೆ ಕೈಜೋಡಿಸಿ, 1568ರ ನವೆಂಬರಿನಲ್ಲಿ ದುರುವೆಲೊ ಎಂಬಲ್ಲಿನ ಹಳೆಯ ತೋಟದ ಮನೆಯಲ್ಲಿ ಅವರು ಬರಿಗಾಲಿನ ಕಾರ್ಮೆಲ್ ಗುರುಗಳ ಜೀವನವನ್ನು ಆರಂಭಿಸಿದರು.

ಈ ಸುಧಾರಣೆ ಎಲ್ಲರಿಗೂ ರುಚಿಸಲಿಲ್ಲ. 1577ರ ಡಿಸೆಂಬರ್ 2ರ ರಾತ್ರಿ ಸುಧಾರಣೆಯನ್ನು ಒಪ್ಪದ ಕಾರ್ಮೆಲಿನವರೇ ಆವಿಲಾದಲ್ಲಿ ಅವರನ್ನು ಬಂಧಿಸಿ ತೊಲೆದೊ ನಗರದ ಮಠಕ್ಕೆ ಸಾಗಿಸಿದರು. ತೆರೇಸಮ್ಮನವರು ಎರಡೇ ದಿನಗಳಲ್ಲಿ ರಾಜ ಎರಡನೆಯ ಫಿಲಿಪನಿಗೆ ಪತ್ರ ಬರೆದು ಮೊರೆಯಿಟ್ಟರೂ ಯೊವಾನ್ನರು ತಿಂಗಳುಗಟ್ಟಲೆ ಸೆರೆಯಲ್ಲೇ ಉಳಿದರು. ಆರು ಅಡಿ ಅಗಲ, ಹತ್ತು ಅಡಿ ಉದ್ದದ ಕತ್ತಲ ಕೋಣೆ. ಮೇಲೆಲ್ಲೋ ಒಂದು ಕಿಂಡಿ. ಊಟದ ಮನೆಯಲ್ಲಿ ಎಲ್ಲರೆದುರು ಮಂಡಿಯೂರಿಸಿ ಬೆನ್ನಿಗೆ ಚಾವಟಿಯೇಟು ಕೊಡುತ್ತಿದ್ದರು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು ಬಲಿಪೂಜೆ ಅರ್ಪಿಸುವ ಆಸೆಯನ್ನು ತೋಡಿಕೊಂಡಾಗ ಮಠಾಧಿಪತಿ ಅದನ್ನೂ ನಿರಾಕರಿಸಿದರು. ಗುರುವಾದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದ್ದಿರಲಾರದು. ಅವರ ಅತ್ಯಂತ ಮಧುರ ಪದ್ಯಗಳಲ್ಲಿ ಹಲವು ಈ ಕೋಣೆಯಲ್ಲೇ ಹುಟ್ಟಿದವು. ಕಣ್ಮರೆಯಾದ ನಲ್ಲನನ್ನು ಆತ್ಮವು ಅರಸುತ್ತ ಹೋಗುವುದು ಅವುಗಳಲ್ಲಿ ಕಾಣುವ ಒಂದು ವಸ್ತು. ದೇವರು ದೂರವಾದಂತೆ ತೋರುವ ಗಳಿಗೆಯಲ್ಲಿಯೂ ದೇವರನ್ನೇ ಹುಡುಕುವುದು ಅವರ ಸಾಂತ್ವನವಾಗಿತ್ತು. ಸುಮಾರು ಒಂಬತ್ತು ತಿಂಗಳಿನ ಬಳಿಕ, 1578ರ ಆಗಸ್ಟ್‌ನ ಒಂದು ರಾತ್ರಿ, ಹೊದಿಕೆಗಳನ್ನು ಸೀಳಿ ಕಟ್ಟಿದ ಹಗ್ಗದಿಂದ ಕಿಟಕಿಯಿಂದಿಳಿದು ಪಾರಾದರು. ಹೊಡೆದವರನ್ನು ಅವರು ಎಂದೂ ದೂಷಿಸಲಿಲ್ಲ.

ಅವರು ಹೊರಗಿನವರು, ವಿರೋಧಿಗಳು ಎಂದುಕೊಂಡು ಆ ನೋವನ್ನು ನುಂಗಬಹುದಿತ್ತು. ಎರಡನೆಯ ಪೆಟ್ಟು ಬಂದದ್ದು ತಾವೇ ಕಟ್ಟಿ ಬೆಳೆಸಿದ ಮನೆಯೊಳಗಿಂದ. ತೆರೇಸಮ್ಮನವರು 1582ರಲ್ಲಿ ತೀರಿಕೊಂಡಿದ್ದರು. 1591ರ ಜೂನಿನಲ್ಲಿ ಮದ್ರಿದ್ ನಗರದಲ್ಲಿ ನಡೆದ ಮಹಾಸಭೆಯಲ್ಲಿ, ಮುಖ್ಯಾಧಿಕಾರಿ ದೋರಿಯಾರವರು ಕನ್ಯಾಸ್ತ್ರೀಯರ ವಿಷಯದಲ್ಲಿಯೂ ಗ್ರಾಸಿಯಾನ್ ಎಂಬ ಗುರುವಿನ ವಿಷಯದಲ್ಲಿಯೂ ಕೈಗೊಂಡ ನಿಲುವನ್ನು ಯೊವಾನ್ನರು ವಿರೋಧಿಸಿದರು. ಫಲವಾಗಿ ಯಾವ ಹೊಣೆಯೂ ಇಲ್ಲದೆ ಅಂದಾಲೂಸಿಯಾದ ಲಾ ಪೆನ್ಯುವೇಲಾ ಎಂಬ ಒಂಟಿ ಮಠಕ್ಕೆ ತೆರಳಿದರು. ನಡೆದುದೆಲ್ಲ ದೈವಚಿತ್ತವೆಂದು ಭಾವಿಸಬೇಕೆಂದೂ ತಮಗಾಗಿ ಮರುಗಬಾರದೆಂದೂ ಪರಿಚಿತ ಧರ್ಮಭಗಿನಿಯರಿಗೆ ಬರೆದು ತಿಳಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ದಿಯೇಗೊ ಎವಾಂಜೆಲಿಸ್ತಾ ಎಂಬ ಗುರು ಮಠಗಳಲ್ಲಿ ಸಂಚರಿಸಿ ಅವರ ವಿರುದ್ಧ ದೂರುಗಳನ್ನು ಕಲೆಹಾಕತೊಡಗಿದರು. ಯೊವಾನ್ನರನ್ನು ಸಭೆಯಿಂದಲೇ ಹೊರಹಾಕುವರೆಂಬ ಸುದ್ದಿ ಹಬ್ಬಿತು. ಅವರ ಗೆಳೆತನವೇ ಅಪಾಯವೆನಿಸಿ, ಅವರನ್ನು ಅಕ್ಕರೆಯಿಂದ ಕಂಡಿದ್ದವರೇ ಅವರ ಪತ್ರಗಳನ್ನು ಬೆಂಕಿಗೆ ಹಾಕಿದರು. ಇವರು ದುಷ್ಟರಲ್ಲ, ಹೆದರಿದವರು. ಗೆತ್ಸೆಮನೆ ತೋಪಿನಿಂದ ಓಡಿಹೋದ ಶಿಷ್ಯರೂ ಹಾಗೆಯೇ ಅಲ್ಲವೇ?

ಅಷ್ಟರಲ್ಲಿ ಕಾಲಿನ ಬಾವಿನಿಂದ ಜ್ವರ ಏರಿತು. ಚಿಕಿತ್ಸೆಗಾಗಿ ಎರಡು ಊರುಗಳ ಆಯ್ಕೆ ಅವರ ಮುಂದಿತ್ತು. ಬಯೇಸಾದಲ್ಲಿ ಅವರೇ ಸ್ಥಾಪಿಸಿದ ವಿದ್ಯಾಲಯವಿತ್ತು, ಬಲ್ಲವರಿದ್ದರು. ಉಬೇದಾದಲ್ಲಿ ಅವರನ್ನು ಬಲ್ಲವರು ವಿರಳ. ಅಲ್ಲಿನ ಮಠಾಧಿಪತಿ ಫ್ರಾನ್ಸಿಸ್ಕೊ ಕ್ರಿಸೋಸ್ತೊಮೊ ಅವರಿಗೆ ಹಳೆಯ ಮುನಿಸೂ ಇತ್ತು. ಯೊವಾನ್ನರು ಉಬೇದಾವನ್ನು ಆರಿಸಿಕೊಂಡರು. ನಮ್ಮಂಥವರಿಗೆ ಇದು ಸುಲಭವಾಗಿ ಅರ್ಥವಾಗದ ಆಯ್ಕೆ; ತನ್ನವರು ತೊರೆದ ಯೇಸುಸ್ವಾಮಿಯ ಸಂಗಡಿಗರಾಗಿಯೇ ಉಳಿಯಬಯಸಿದರು ಎನ್ನಬಹುದಷ್ಟೆ. ಸೆಪ್ಟೆಂಬರ್ 28ರಂದು ಹೊರಟು ಹೇಸರಗತ್ತೆಯ ಮೇಲೆ ಕುಳಿತು ಅಲ್ಲಿಗೆ ತಲಪಿದರು. ಮಠಾಧಿಪತಿ ರೋಗಿಯ ಖರ್ಚಿನ ಬಗ್ಗೆ ಗೊಣಗಿದರು, ಕಾಣಬಂದವರನ್ನು ತಡೆದರು. ವೈದ್ಯರು ಕಾಲಿನ ಕೊಳೆತ ಮಾಂಸವನ್ನು ಕೊಯ್ದು ತೆಗೆಯುವಾಗಲೂ ಯೊವಾನ್ನರು ಗೊಣಗಲಿಲ್ಲ.

ಆಗ ಬಂದವರು ವಯೋವೃದ್ಧ ಗುರು ಅಂತೋನಿಯೊ. ಇಪ್ಪತ್ತಮೂರು ವರ್ಷಗಳ ಹಿಂದೆ ದುರುವೆಲೊದ ತೋಟದ ಮನೆಯಲ್ಲಿ ಯೊವಾನ್ನರ ಜೊತೆಗಿದ್ದವರು, ಈಗ ಪ್ರಾಂತಾಧಿಕಾರಿ. ಅವರು ಮಠಾಧಿಪತಿಯನ್ನು ಗದರಿಸಿ ಆರೈಕೆಗೆ ಏರ್ಪಾಡು ಮಾಡಿದರು. ಮಠಾಧಿಪತಿಯ ಮನಸ್ಸೂ ಕರಗಿತು. ಸಾಯುವ ಮುನ್ನ ಯೊವಾನ್ನರು ತಾವೇ ಅವರನ್ನು ಕರೆಸಿ, ತಮ್ಮಿಂದಾದ ತೊಂದರೆಗಾಗಿ ಕ್ಷಮೆ ಕೇಳಿದರು; ಮಠಾಧಿಪತಿ ಕಣ್ಣೀರಿಡುತ್ತ ಹೊರಗೆ ಬಂದರು. 1591ರ ಡಿಸೆಂಬರ್ 14ರ ನಡುರಾತ್ರಿ, ಪ್ರಾರ್ಥನೆಗೆ ಕರೆಯುವ ಗಂಟೆ ಮೊಳಗುತ್ತಿದ್ದಂತೆ, ನಲವತ್ತೊಂಬತ್ತು ವರ್ಷದ ಯೊವಾನ್ನರು ಕಣ್ಮುಚ್ಚಿದರು.

1726ರಲ್ಲಿ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. 1926ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವನ್ನೂ ನೀಡಿತು. ಅಂದು ಸುಡದೆ ಉಳಿದು ಇಂದು ನಮ್ಮ ಕೈಗೆ ಸಿಗುವ ಅವರ ಪತ್ರಗಳು ಮೂವತ್ತಕ್ಕಿಂತ ತುಸು ಹೆಚ್ಚು, ಅಷ್ಟೇ.