ಚಾರ್ಲ್ಸ್ ಲಾಟನ್: ಹೋಟೆಲಿನ ಹಿರಿಯ ಮಗ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸ್ಕಾರ್ಬರೋ ಎಂಬ ಊರಿದೆ. ಬೇಸಿಗೆ ಬಂತೆಂದರೆ ಸಮುದ್ರ ನೋಡಲು ಜನ ಅಲ್ಲಿಗೆ ಬರುತ್ತಾರೆ. ಅಂಥ ಊರಿನಲ್ಲಿ ಒಳ್ಳೆಯ ವ್ಯಾಪಾರವೆಂದರೆ ಹೋಟೆಲ್. ಅಲ್ಲಿಯ ವಿಕ್ಟೋರಿಯಾ ಹೋಟೆಲನ್ನು ನಡೆಸುತ್ತಿದ್ದ ರಾಬರ್ಟ್ ಮತ್ತು ಎಲಿಜಾ ಲಾಟನ್ ದಂಪತಿಗೆ 1899ರ ಜುಲೈ 1ರಂದು ಹಿರಿಯ ಮಗ ಚಾರ್ಲ್ಸ್ ಹುಟ್ಟಿದರು. ಅವರ ನಂತರ ಇಬ್ಬರು ತಮ್ಮಂದಿರು. ತಂದೆತಾಯಿ ಮುಂದೆ ಇನ್ನೂ ದೊಡ್ಡದಾದ ಪೆವಿಲಿಯನ್ ಹೋಟೆಲನ್ನೂ ನಡೆಸಿದರು. ಹಿರಿಯ ಮಗ ಏನಾಗಬೇಕು ಎಂದು ಆ ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅಂಗಡಿ ಇರುವ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಾರ್ಲ್ಸ್ ಓದಿದ್ದು ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ಸ್ಟೋನಿಹರ್ಸ್ಟ್ ಶಾಲೆಯಲ್ಲಿ. ಶಾಲೆ ಮುಗಿದ ಮೇಲೆ ಹೋಟೆಲ್ ಕೆಲಸ ಕಲಿಯಲು ಅವರನ್ನು ಲಂಡನ್ನಿನ ಹೆಸರಾಂತ ಕ್ಲಾರಿಜಸ್ ಹೋಟೆಲಿಗೆ ಕಳಿಸಿದರು. ಹಗಲು ಗುಮಾಸ್ತಿಕೆ, ಬಿಡುವು ಸಿಕ್ಕ ಸಂಜೆ ನಾಟಕ. ಹೋಟೆಲಿಗೆ ಬರುವ ದೊಡ್ಡ ಮನುಷ್ಯರ ನಡಿಗೆ, ಮಾತು, ಗತ್ತು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಾರದು. ಅಷ್ಟರಲ್ಲಿ ಮೊದಲ ಮಹಾಯುದ್ಧ. ಅವರು ಸಾಮಾನ್ಯ ಸಿಪಾಯಿಯಾಗಿ ಫ್ರಾನ್ಸಿನ ಕಡೆಯ ರಣರಂಗಕ್ಕೆ ಹೋಗಿ, ಯುದ್ಧದ ಕೊನೆಯಲ್ಲಿ ವಿಷಾನಿಲಕ್ಕೆ ಸಿಕ್ಕಿ, ಬದುಕಿ ಬಂದರು.

ಬಂದವರು ಮತ್ತೆ ಹೋಟೆಲಿಗೇ ಸೇರಿದರು. ಊರಿನ ಹವ್ಯಾಸಿ ತಂಡದಲ್ಲಿ ನಾಟಕವಾಡುತ್ತ ಕೆಲವು ವರ್ಷ ಕಳೆದವು. ಕೊನೆಗೆ ಮನೆಯವರು ಒಪ್ಪಿದಾಗ 1925. ಆಗ ಅವರಿಗೆ ಇಪ್ಪತ್ತೈದು ದಾಟಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ತಮಗಿಂತ ಚಿಕ್ಕವರ ಜೊತೆ ವಿದ್ಯಾರ್ಥಿಯಾಗಿ ಕೂತು, ಚಿನ್ನದ ಪದಕ ಪಡೆದರು.

ನಿಜವಾದ ತೊಡಕು ವಯಸ್ಸಲ್ಲ, ಮುಖ. ದಪ್ಪ ಶರೀರ, ಜೋತ ಕೆನ್ನೆ, ದಪ್ಪ ತುಟಿ. ಮುಖ ನೋಡಿ ಮಣೆ ಹಾಕುವ ಮಾತು ಸಿನಿಮಾದಲ್ಲಿ ಸುಳ್ಳಲ್ಲ. ನಾಯಕನ ಪಾತ್ರ ಇಂಥವರಿಗೆ ಬರುವುದಿಲ್ಲ. ತಾವು ಕುರೂಪಿ ಎಂಬ ನೋವು ಲಾಟನ್‌ರನ್ನು ಜೀವನವಿಡೀ ಕಾಡಿತು. ನಾಟಕದಲ್ಲಿ ಹೆಸರಾಗಿ ಹಾಲಿವುಡ್ಡಿಗೆ ಹೋದಾಗಲೂ ಸಿಕ್ಕಿದ್ದು ರೋಮಿನ ಕ್ರೂರ ಚಕ್ರವರ್ತಿ ನೀರೋನಂಥ ಪಾತ್ರ.

ಆಗ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕೊರ್ಡಾ ಎಂಬ ಹಂಗೇರಿಯ ನಿರ್ದೇಶಕರು ನೆಲೆ ಹುಡುಕುತ್ತಿದ್ದರು. ಅವರು ಕೈಗೆತ್ತಿಕೊಂಡದ್ದು ಹದಿನಾರನೇ ಶತಮಾನದ ಎಂಟನೇ ಹೆನ್ರಿಯ ಕಥೆ. ಆರು ಮದುವೆಯಾಗಿ, ಇಬ್ಬರು ಹೆಂಡತಿಯರ ತಲೆ ಕಡಿಸಿದ ಅರಸ. ದಪ್ಪ ಮನುಷ್ಯ. ಯಾವ ಶರೀರವನ್ನು ಲಾಟನ್ ದ್ವೇಷಿಸುತ್ತಿದ್ದರೋ ಅದೇ ಇಲ್ಲಿ ಬೇಕಾಗಿತ್ತು. ಚಿತ್ರಕಾರ ಹೋಲ್ಬೈನ್ ಬರೆದ ಹೆನ್ರಿಯ ಚಿತ್ರವನ್ನು ನೋಡಿ ನೋಡಿ, ಕಾಲಗಲಿಸಿ ನಿಲ್ಲುವ ಆ ಭಂಗಿಯನ್ನು ಅವರು ಮೈಗೂಡಿಸಿಕೊಂಡರು. ತೆರೆಯ ಮೇಲೆ ಅರಸ ಊಟಕ್ಕೆ ಕೂತು ಕೋಳಿಯನ್ನು ಕೈಯಿಂದ ಹರಿದು ತಿನ್ನುತ್ತ, ಮೂಳೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಅದೇ ಬಾಯಲ್ಲಿ ಈಗಿನ ಕಾಲದಲ್ಲಿ ಶಿಷ್ಟಾಚಾರವೇ ಉಳಿದಿಲ್ಲವೆಂದು ಗೊಣಗುತ್ತಾನೆ! ನಾಲ್ಕನೆಯ ರಾಣಿಯಾಗಿ ನಟಿಸಿದವರು ಲಾಟನ್‌ರ ಪತ್ನಿ ಎಲ್ಸಾ ಲ್ಯಾಂಚೆಸ್ಟರ್. ಮದುವೆಯ ರಾತ್ರಿ ಆಕೆ ಇಸ್ಪೀಟಿನಲ್ಲಿ ಅರಸನ ಹಣವನ್ನೆಲ್ಲ ಗೆಲ್ಲುತ್ತಾಳೆ. ನಗು ಬರುತ್ತದೆ, ಆದರೆ ಹೆಂಡತಿಯ ದ್ರೋಹ ತಿಳಿದು ಅದೇ ಅರಸ ಅಳುವಾಗ ನಗಲಾಗುವುದಿಲ್ಲ. ಈ ಎರಡನ್ನೂ ಒಂದೇ ಪಾತ್ರದಲ್ಲಿ ತಂದದ್ದೇ ಲಾಟನ್‌ರ ದೊಡ್ಡ ಸಾಧನೆ ಎಂದು ನನಗನ್ನಿಸುತ್ತದೆ.

ಈಗ ನಮ್ಮ ವಾಣಿಜ್ಯ ವಿಭಾಗದವರಿಗೆ ಇಷ್ಟವಾಗುವ ಲೆಕ್ಕ. ಚಿತ್ರಕ್ಕೆ ಬಿದ್ದ ಖರ್ಚು ಸುಮಾರು 60 ಸಾವಿರ ಪೌಂಡ್. ಹಣ ಸಾಲದೆ ಸೆಟ್ಟುಗಳನ್ನು ಕೈಬಿಗಿ ಹಿಡಿದೇ ಕಟ್ಟಿದ್ದರು. 1933ರಲ್ಲಿ ಬಿಡುಗಡೆಯಾದ ಅದು ಮೊದಲ ಸುತ್ತಿನಲ್ಲೇ ತಂದದ್ದು ಸುಮಾರು 5 ಲಕ್ಷ ಪೌಂಡ್. 1934ರ ಮಾರ್ಚಿನಲ್ಲಿ ಲಾಟನ್‌ರಿಗೆ ಶ್ರೇಷ್ಠ ನಟನ ಆಸ್ಕರ್ ಬಂತು. ಬ್ರಿಟನ್ನಿನಲ್ಲಿ ತಯಾರಾದ ಚಿತ್ರವೊಂದಕ್ಕೆ ಆಸ್ಕರ್ ಬಂದದ್ದು ಅದೇ ಮೊದಲು. ಈ ಗೆಲುವನ್ನು ನೋಡಿ ಪ್ರುಡೆನ್ಷಿಯಲ್ ವಿಮಾ ಕಂಪನಿಯೇ ಕೊರ್ಡಾರ ಸಿನಿಮಾಗಳಿಗೆ ಬಂಡವಾಳ ಹಾಕಿತು. ಹಾಗೆ ಬೆಳೆದ ಕೊರ್ಡಾ ಸಂಸ್ಥೆ ಮುಂದೆ ನಮ್ಮ ಮೈಸೂರಿಗೂ ಬಂತು. ಕಾರಾಪುರದ ಮಾವುತನ ಮಗ ಸಾಬು ದಸ್ತಗೀರ್ ಎಂಬ ಹುಡುಗನನ್ನು 1937ರ ‘ಎಲಿಫೆಂಟ್ ಬಾಯ್’ ಚಿತ್ರದ ಮೂಲಕ ಲೋಕಕ್ಕೆ ಪರಿಚಯಿಸಿದ್ದು ಅದೇ ಸಂಸ್ಥೆ.

ಇಷ್ಟು ಹೆಸರು ಬಂದ ಕೂಡಲೇ ಲಾಟನ್ ಏನು ಮಾಡಿದರು ಗೊತ್ತೇ? ಕಡಿಮೆ ಸಂಬಳಕ್ಕೆ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರ ಸೇರಿ ಷೇಕ್ಸ್‌ಪಿಯರ್ ನಾಟಕಗಳಲ್ಲಿ ಅಭಿನಯಿಸಿದರು. ಮ್ಯಾಕ್‌ಬೆತ್ ಪಾತ್ರಕ್ಕೆ ವಿಮರ್ಶಕರಿಂದ ಚೆನ್ನಾಗಿ ಬೈಸಿಕೊಂಡರು. ಆಮೇಲೆ ಹಡಗಿನ ದುಷ್ಟ ಕ್ಯಾಪ್ಟನ್ ಬ್ಲೈ, ಚಿತ್ರಕಾರ ರೆಂಬ್ರಾಂಟ್, 1939ರಲ್ಲಿ ನೋತ್ರ್ ದಾಮ್ ಚರ್ಚಿನ ಗೂನು ಬೆನ್ನಿನ ಗಂಟೆ ಬಾರಿಸುವವ, ಹೀಗೆ ಒಂದಕ್ಕಿಂತ ಒಂದು ದೊಡ್ಡ ಪಾತ್ರಗಳು. ವ್ಯಾಪಾರ ಮಾತ್ರ ಅವರ ಕೈ ಹಿಡಿಯಲಿಲ್ಲ. ಪಾಲುದಾರಿಕೆಯಲ್ಲಿ ತೆರೆದ ಮೇಫ್ಲವರ್ ಎಂಬ ಚಿತ್ರಸಂಸ್ಥೆ ಮೂರು ಚಿತ್ರ ಮಾಡಿ ನಿಂತಿತು. 1955ರಲ್ಲಿ ನಿರ್ದೇಶಿಸಿದ ‘ದಿ ನೈಟ್ ಆಫ್ ದಿ ಹಂಟರ್’ ಹಣ ತರಲಿಲ್ಲ. ಅವರು ಮತ್ತೆ ನಿರ್ದೇಶನಕ್ಕೆ ಕೈ ಹಾಕಲೇ ಇಲ್ಲ. ಇಂದು ಅದೇ ಚಿತ್ರವನ್ನು ಸಿನಿಮಾ ಬಲ್ಲವರು ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಇಡುತ್ತಾರೆ. ಅದನ್ನು ನೋಡಲು ಅವರಿರಲಿಲ್ಲ. 1962ರ ಡಿಸೆಂಬರ್ 15ರಂದು ಕ್ಯಾನ್ಸರ್‌ನಿಂದ ಹಾಲಿವುಡ್ಡಿನಲ್ಲಿ ತೀರಿಕೊಂಡರು.

ಹಾಗಾದರೆ ಹೋಟೆಲ್ ಏನಾಯಿತು? ಹಿರಿಯ ಮಗ ಬಿಟ್ಟುಹೋದನೆಂದು ಬಾಗಿಲು ಮುಚ್ಚಲಿಲ್ಲ. ತಮ್ಮ ಟಾಮ್ ಲಾಟನ್ ಸ್ಕಾರ್ಬರೋದಲ್ಲೇ ಉಳಿದು ಹೆಸರಾಂತ ಹೋಟೆಲ್ ಉದ್ಯಮಿಯಾದರು. ಅಣ್ಣನಂತೆ ಅವರಿಗೂ ಚಿತ್ರಕಲೆಯ ಹುಚ್ಚು. ಅವರು ಕೊಂಡು ಕೂಡಿಟ್ಟು ಕಾಣಿಕೆಯಾಗಿ ಕೊಟ್ಟ ಚಿತ್ರಗಳು ಈಗಲೂ ಆ ಊರಿನ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ.