ಚೆರೊಕೀ ಜನರ ಅತಿಥಿ ಜೇಮ್ಸ್ ಮೂನಿ

ಪರಜನರ ನಾಡನ್ನು ನೋಡಿ ಬರುವವರು ಹಲವರು. ಆ ಜನರ ಮನಸ್ಸನ್ನು ಅರಿತು ಬರುವವರು ಕೆಲವರು. ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರ ನಡುವೆ ಅತಿಥಿಯಾಗಿ ನಿಂತು, ಅವರ ಕಥೆ, ಮಂತ್ರ, ಆಚಾರಗಳನ್ನು ಲೋಕಕ್ಕೆ ತಿಳಿಸಿದ ಜೇಮ್ಸ್ ಮೂನಿಯು ಈ ಕೆಲವರಲ್ಲಿ ಒಬ್ಬನು. ಅವನ ಜೀವನವು ನಮ್ಮ ವಿದ್ಯಾರ್ಥಿಗಳು ಅರಿಯತಕ್ಕುದೆಂದು ನಾವು ಬಗೆಯುತ್ತೇವೆ.

ಮೂನಿಯು 1861ನೆಯ ಇಸವಿ ಫೆಬ್ರವರಿ 10ರಂದು ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಪಟ್ಟಣದಲ್ಲಿ ಜನಿಸಿದನು. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದ ಬಡವರು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನಿಗೆ ಉಚ್ಚ ವಿದ್ಯಾಭ್ಯಾಸದ ಭಾಗ್ಯ ದೊರೆಯಲಿಲ್ಲ. ಊರಿನ ಪತ್ರಿಕೆಯೊಂದರಲ್ಲಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಮೂಲನಿವಾಸಿಗಳ ವಿಷಯವಾಗಿ ದೊರೆತುದನ್ನೆಲ್ಲ ಓದಿ, ಅವರ ಕುಲಗಳ ಹೆಸರುಗಳನ್ನು ಪಟ್ಟಿ ಮಾಡುತ್ತ ಬಂದನು. ಈ ಶ್ರದ್ಧೆಯೇ 1885ರಲ್ಲಿ ಅವನನ್ನು ವಾಷಿಂಗ್ಟನ್ನಿನ ಸರ್ಕಾರಿ ಜನಾಂಗ ಅಧ್ಯಯನ ಸಂಸ್ಥೆಗೆ ಕರೆದೊಯ್ದಿತು.

1887ರಲ್ಲಿ ಅವನು ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ವಾಸವಾಗಿದ್ದ ಚೆರೊಕೀಯರ ಬಳಿಗೆ ಹೋದನು. ಆ ಜನರ ಪೂರ್ವಕಥೆ ದುಃಖಮಯವಾದುದು. 1838ರಲ್ಲಿ ಅಮೆರಿಕದ ಸರ್ಕಾರವು ಸೈನ್ಯಬಲದಿಂದ ಚೆರೊಕೀಯರನ್ನು ಪಿತ್ರಾರ್ಜಿತವಾದ ನೆಲದಿಂದ ಎಬ್ಬಿಸಿ ದೂರದ ಪಶ್ಚಿಮಕ್ಕೆ ಅಟ್ಟಿತ್ತು. ದಾರಿಯಲ್ಲಿ ಚಳಿ, ಹಸಿವು, ರೋಗಗಳಿಂದ ಸಾವಿರಾರು ಮಂದಿ ಮಡಿದರು. ಬೆಟ್ಟಗಳಲ್ಲಿ ಉಳಿದುಕೊಂಡ ಕೆಲವರ ಸಂತತಿಯವರೇ ಮೂನಿಯು ಕಂಡ ಜನ. ಇಂತಹವರು ಹೊರಗಿನವನೊಬ್ಬನನ್ನು ಸುಲಭವಾಗಿ ನಂಬುವುದುಂಟೇ? ಮೂನಿಯು ಅವಸರಪಡಲಿಲ್ಲ. ಮತ್ತೆ ಮತ್ತೆ ಬಂದು, ಅವರೊಡನೆ ನಿಂತು, ಅವರ ಭಾಷೆಯನ್ನು ಅಭ್ಯಾಸ ಮಾಡಿದನು.

ಅಲ್ಲಿ ಅವನಿಗೆ ದೊರೆತ ಪ್ರಮುಖ ಗುರುವು ಆಯೂನಿನಿ. ಆ ಹೆಸರಿಗೆ ಈಜುಗಾರನೆಂದು ಅರ್ಥ. ವೈದ್ಯನೂ ಪುರೋಹಿತನೂ ಆಗಿದ್ದ ಈ ವೃದ್ಧನು ಇಂಗ್ಲಿಷನ್ನು ಅರಿತವನಲ್ಲ. ಮೊದಮೊದಲು ಕಥೆಗಳನ್ನು ಧಾರಾಳವಾಗಿ ಹೇಳಿದವನು, ಬೇಟೆಯ ಗುಪ್ತಗಾನದ ಮಾತು ಬಂದೊಡನೆ ಮೌನವಾದನು. ಕುಲದ ಗುಟ್ಟನ್ನು ಪರರಿಗೆ ಬಿಟ್ಟುಕೊಡಬಾರದೆಂದು ನೆರೆಯವರೂ ಆಕ್ಷೇಪಿಸಿದರು. ಬಲ್ಲವರು ಬೇರೆಯವರೂ ಇರುವರೆಂದು ಮೂನಿಯು ಸೂಚಿಸಲು, ವೃದ್ಧನ ಅಭಿಮಾನ ಕೆರಳಿತು. ತನ್ನ ವಿದ್ಯೆಯ ಹಿರಿಮೆಯನ್ನು ತೋರಿಸಲು ಅವನು ಒಂದು ಪುಟ್ಟ ಪುಸ್ತಕವನ್ನು ತಂದಿಟ್ಟನು. 240 ಪುಟಗಳ ಆ ಪುಸ್ತಕದ ಅರ್ಧದಷ್ಟು ಭಾಗ ರೋಗನಿವಾರಣೆ, ಬೇಟೆ, ಆಟ, ಪ್ರೇಮ ಮೊದಲಾದವುಗಳ ಮಂತ್ರಗಳಿಂದ ತುಂಬಿತ್ತು. ಅದನ್ನು ಬರೆದದ್ದು ಚೆರೊಕೀ ಲಿಪಿಯಲ್ಲಿ! ಸಿಕ್ವೊಯ ಎಂಬ ಚೆರೊಕೀ ಪುರುಷನು ಇಂಗ್ಲಿಷನ್ನು ಓದಲು ಬಾರದಿದ್ದರೂ ತನ್ನ ನುಡಿಗೆ 1821ರ ವೇಳೆಗೆ ಲಿಪಿಯನ್ನು ರಚಿಸಿದ್ದನು. ನಮ್ಮ ಕಾಗುಣಿತದ ಅಕ್ಷರದಂತೆ ಅದರ ಒಂದೊಂದು ಚಿಹ್ನೆಯೂ ಹೆಚ್ಚಾಗಿ ವ್ಯಂಜನ ಸ್ವರಗಳು ಕೂಡಿದ ಒಂದು ಉಚ್ಚಾರವನ್ನು ಸೂಚಿಸುತ್ತದೆ. ಆಯೂನಿನಿಯ ಪುಸ್ತಕವನ್ನು ಮೂನಿಯು ಸಂಸ್ಥೆಗಾಗಿ ಕೊಂಡುಕೊಂಡನು. ಬಳಿಕ ಇತರರಿಂದಲೂ ಸೇರಿ ಸುಮಾರು 600 ಮಂತ್ರಗಳು ಸಂಗ್ರಹವಾದವು.

ಮೂನಿಯು ಬರೆದಿಟ್ಟ ಆಚಾರಗಳಲ್ಲಿ ಚೆಂಡಾಟದ ವಿಧಿಗಳು ಕುತೂಹಲಕರವಾದುವು. ಆಟಗಾರರು ಆಟಕ್ಕೆ ಮುಂಚೆ ಮೊಲದ ಮಾಂಸವನ್ನು ತ್ಯಜಿಸುತ್ತಿದ್ದರು; ಮೊಲವು ಅಂಜುಬುರುಕ ಪ್ರಾಣಿಯಲ್ಲವೇ? ಹಿಂದಿನ ರಾತ್ರಿ ಕುಣಿತ, ಹೊಳೆಯ ದಡದಲ್ಲಿ ಪ್ರಾರ್ಥನೆ. ಆಟದ ದಿನ ಟರ್ಕಿ ಕೋಳಿಯ ಎಲುಬಿನ ಏಳು ಹಲ್ಲುಗಳ ಬಾಚಣಿಗೆಯಿಂದ ಮೈ ಗೀರಿಸಿಕೊಳ್ಳುವುದು. ಇಷ್ಟೆಲ್ಲ ಕಳೆದ ಮೇಲೆಯೇ ಅಂಗಳಕ್ಕಿಳಿಯುವುದು. ಇನ್ನು ಅವರ ಕಥೆಗಳಲ್ಲಿ ರೋಗ ಹುಟ್ಟಿದ ಕಥೆ ಬಹು ಸುಂದರವಾದುದು. ಮನುಷ್ಯನ ಕ್ರೌರ್ಯವನ್ನು ತಾಳಲಾರದೆ ಪ್ರಾಣಿಗಳು ಸಭೆ ಸೇರಿ ಬಗೆಬಗೆಯ ರೋಗಗಳನ್ನು ಸೃಷ್ಟಿಸಿದುವಂತೆ. ಅದನ್ನು ಕೇಳಿದ ಗಿಡಮೂಲಿಕೆಗಳು ಕನಿಕರಗೊಂಡು ಒಂದೊಂದು ರೋಗಕ್ಕೆ ಒಂದೊಂದು ಮದ್ದಾಗಲು ಒಪ್ಪಿದುವಂತೆ. ಜಿಂಕೆಯನ್ನು ಕೊಂದ ಬೇಟೆಗಾರನು ಅದರ ಕ್ಷಮೆ ಬೇಡಬೇಕೆಂಬ ನಿಯಮವೂ ಈ ಕಥೆಯಲ್ಲಿದೆ.

ಮಂತ್ರಗಳ ಗ್ರಂಥ 1891ರಲ್ಲಿಯೂ, 126 ಕಥೆಗಳುಳ್ಳ ಗ್ರಂಥ 1900ರಲ್ಲಿಯೂ ಪ್ರಕಟವಾದುವು. ಅಷ್ಟರಲ್ಲಿ ಆಯೂನಿನಿಯು 1899ರಲ್ಲಿ ಕಣ್ಮುಚ್ಚಿದ್ದನು. ಮೂನಿಯು ಬೇರೆ ಕುಲಗಳ ನಡುವೆಯೂ ದುಡಿದನು. 1918ರಲ್ಲಿ ಒಕ್ಲಹೋಮದ ಮೂಲನಿವಾಸಿಗಳು ತಮ್ಮ ಪೂಜಾವಿಧಿಯ ರಕ್ಷಣೆಗಾಗಿ ಧರ್ಮಸಂಸ್ಥೆಯೊಂದನ್ನು ಕಟ್ಟಿದಾಗ ಅವರ ಪಕ್ಷ ವಹಿಸಿ, ಅಧಿಕಾರಿಗಳ ಕೋಪಕ್ಕೆ ಗುರಿಯಾದನು. 1921ರ ಡಿಸೆಂಬರ್ 22ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡನು.

ಗುಟ್ಟಾಗಿದ್ದುದನ್ನು ಬಯಲಿಗೆ ತಂದುದು ಉಚಿತವೇ ಎಂಬ ಪ್ರಶ್ನೆ ಏಳದಿರದು. ನೆರೆಯವರ ಆಕ್ಷೇಪವು ಹುರುಳಿಲ್ಲದ್ದೆಂದು ನಾವು ಹೇಳಲಾರೆವು. ಆದರೂ ಬರೆದಿಡದಿದ್ದರೆ ಅದರಲ್ಲಿ ಬಹುಭಾಗ ವೃದ್ಧರೊಡನೆಯೇ ಮಣ್ಣಾಗುತ್ತಿತ್ತು. ಚೆರೊಕೀ ನುಡಿಯನ್ನಾಡುವವರು ಕಡಮೆಯಾಗುತ್ತಿರಲು, 2019ರಲ್ಲಿ ಆ ಜನರ ಮೂರು ಸರ್ಕಾರಗಳೂ ಕೂಡಿ ತಮ್ಮ ಭಾಷೆಗೆ ತುರ್ತುಸ್ಥಿತಿ ಒದಗಿದೆಯೆಂದು ಸಾರಿದುವು. ಇಂತಹ ಕಾಲದಲ್ಲಿ ಅಂದಿನ ಬರಹಗಳ ಬೆಲೆ ಎಷ್ಟೆಂಬುದು ತಾನೇ ತಿಳಿಯುತ್ತದೆ.

ಮೂನಿಯು ಕಿವಿಗೊಟ್ಟು ಕೇಳಿದನು, ಅದು ಅವನ ಹಿರಿಮೆ. ಆಯೂನಿನಿಯು ತನ್ನ ನುಡಿಯಲ್ಲಿ, ತನ್ನ ಅಕ್ಷರದಲ್ಲಿ ಮೊದಲೇ ಬರೆದಿಟ್ಟಿದ್ದನು, ಅದು ಇನ್ನೂ ದೊಡ್ಡ ಹಿರಿಮೆ. ಅನ್ಯಭಾಷೆಯ ನಗರದಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳು ಇವರಿಬ್ಬರಿಂದಲೂ ಕಲಿಯಬಹುದು. ನೆರೆಯವರ ನುಡಿಯನ್ನು ಆದರದಿಂದ ಕೇಳಿರಿ. ನಿಮ್ಮ ಮನೆಯ ಹಿರಿಯರ ಹಾಡು, ಕಥೆ, ಗಾದೆಗಳನ್ನು ಕನ್ನಡದಲ್ಲಿ ಬರೆದಿಡಿರಿ.